ಮೊಣಕಾಲ ಮುಂದೆ ಒಂದು ಗೇಣು

ಹಟ್ಟಿ ಕ್ಯಾಂಪಿನ ಹಳೆಯ ಟೆನಿಸ್ ಕೋರ್ಟಿನಲ್ಲಿ
ಸಂಜೆ ಐದೂವರೆಗೆ ನಾನು, ಹುಸೇನಪ್ಪ,
ಆರು ಚೆಂಡು. ಅವುಗಳಲ್ಲಿ ಎರಡಕ್ಕೆ ಬೋಳುತಲೆ.
ನೆಟ್ಟು ಹರಿದಲ್ಲಿ
ಸಿಡಿಮದ್ದಿನ ವೈರಿನ ತುಂಡಿನಿಂದ ಹೊಲಿದ
ಹಳದಿ-ಕೆಂಪು ತೇಪೆ.

ಐವತ್ತಮೂರು ನನಗೆ. ನಡೆಯಿರಿ ಎಂದಿದ್ದರು ಡಾಕ್ಟರು,
ಸುಮ್ಮನೆ ನಡೆಯುವುದು ಬೇಸರವೆಂದು ಇಲ್ಲಿಗೆ ಬಂದೆ.
ಇಪ್ಪತ್ತೆಂಟು ವರ್ಷ ಅಸ್ಸೇ ಲ್ಯಾಬಿನಲ್ಲಿ
ಕಲ್ಲಿನ ಪುಡಿಯನ್ನು ಮೂಸೆಗೆ ಹಾಕಿ, ಕರಗಿಸಿ,
ಕೊನೆಗುಳಿದ, ಸಾಸಿವೆಗಿಂತ ಸಣ್ಣ ಮಣಿಯನ್ನು
ಗಾಜಿನ ಪೆಟ್ಟಿಗೆಯ ತಕ್ಕಡಿಯಲ್ಲಿಟ್ಟು
ಉಸಿರು ಬಿಗಿಹಿಡಿದು ಕಾದವಳು.
ಮುಳ್ಳು ನಿಲ್ಲುವ ತನಕ ಬಾಯಿ ಬಿಡಬಾರದು.
ನಿಂತ ಮೇಲೆ ಕಂಡದ್ದಷ್ಟೇ ರಿಜಿಸ್ಟರಿಗೆ.

ಆ ಚಾಳಿಯೇ ಇಲ್ಲಿ ಕೈಕೊಟ್ಟದ್ದು.
ಚೆಂಡು ಬರುತ್ತದೆ, ನಾನು ಕಾಯುತ್ತೇನೆ,
ನೆಲ ಮುಟ್ಟಿ, ಏರಿ, ಸೊಂಟದ ಪಕ್ಕಕ್ಕೆ ಬಂದು
ಅಲ್ಲಿ ಒಂದು ಗಳಿಗೆ ನಿಂತೀತು ಎಂಬಂತೆ ಕಾಯುತ್ತೇನೆ.
ದಾಟಿದ ಮೇಲೆ ಬೀಸುತ್ತೇನೆ. ಟಣ್!
ರ‍್ಯಾಕೆಟಿನ ಅಂಚು. ಮೊಣಕೈಯೊಳಗೊಂದು ಮಿಂಚು.
ಚೆಂಡು ಬೇವಿನ ಮರಕ್ಕೆ.

"ಎಲ್ಲಿ ಹೋತು ಅಂತ ಯಾಕ ನೋಡ್ತೀರಿ ಮೇಡಂ?
ಹೋಗೋದು ಅದರ ಕೆಲ್ಸ. ನೀವು ಬರೋದು ನೋಡ್ರಿ.
ಮುಂದಿನ ಮೊಣಕಾಲಿಂದ ಒಂದು ಗೇಣು ಮುಂದ,
ಅಲ್ಲೇ ಹಿಡೀಬೇಕು ಅದನ್ನ. ಮನೀ ಒಳಗ ಬಿಟ್ಕೋಬ್ಯಾಡ್ರಿ,
ಕಟ್ಟೀ ಮ್ಯಾಲೇ ಮಾತಾಡ್ಸಿ ಕಳಸ್ರಿ."

ಕೆಳಗೆ ಡ್ರಿಲ್ ಹಿಡಿದು ಎಡಗಿವಿ ಕಳಕೊಂಡವನು ಹುಸೇನಪ್ಪ.
ಅದಕ್ಕೂ ಮುಂಚೆ, ಹನ್ನೆರಡರ ವಯಸ್ಸಿಗೇ,
ಇದೇ ಕೋರ್ಟಿನಲ್ಲಿ ಸಾಹೇಬರ ಚೆಂಡು ಹೆಕ್ಕಿದವನು.
ಉಳಿದ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನಿಲ್ಲುತ್ತಾನೆ,
ಟಣ್ ಯಾವುದು ಠಪ್ ಯಾವುದು ಎಂದು
ಕಣ್ಣು ಮುಚ್ಚಿ ಹೇಳುತ್ತಾನೆ.

ಒಂದು ವಾರ ರ‍್ಯಾಕೆಟ್ಟನ್ನೇ ಕೊಡಲಿಲ್ಲ.
ಬರಿಗೈ ಚಾಚಿ ಚೆಂಡನ್ನು ಮುಂದೆಯೇ ತಡೆಯಿರಿ ಎಂದ.
ಆಮೇಲೆ ಸುಣ್ಣದಲ್ಲಿ ಹೊರಳಿಸಿ ಎಸೆದ.
ಬಿಳಿ ಗುರುತು ತಂತಿಯ ತುದಿಗೆ, ಬುಡಕ್ಕೆ, ಎಡಕ್ಕೆ,
ಒಂದು ಸಲ ನನ್ನ ಹೆಬ್ಬೆರಳಿಗೆ.
ನಟ್ಟನಡುವೆ ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ.

"ಕೈ ಬಿಗಿ ಮಾಡಬ್ಯಾಡ್ರಿ. ರೊಟ್ಟಿ ಬಡದಂಗ, ಸುಮ್ನ."
ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ ಹುಸೇನಪ್ಪ,
ಖಾನಾವಳಿಯಿಂದ ತರಿಸುತ್ತೇವೆ.
ಅವನು ಸ್ವಲ್ಪ ಹೊತ್ತು ಆಕಾಶ ನೋಡಿದ.
"ಹಂಗಾರ ಎರಡೂ ಕಲೀರಿ."

ಕಲಿತೆನೆಂದಲ್ಲ. ಖಾನಾವಳಿಯ ಹಂಪಮ್ಮನೆದುರು
ಡಬ್ಬಿ ಹಿಡಿದು ನಿಂತು ನೋಡಿದೆ:
ಬಲವೆಲ್ಲ ಅವಳ ಭುಜದಲ್ಲಿದೆ,
ಅಂಗೈ ಬರೀ ಹೋಗಿ ಹಿಟ್ಟನ್ನು ಭೇಟಿಯಾಗುತ್ತದೆ.
ಹೆಂಚಿನ ಮೇಲಿರುವುದರ ಕಡೆ ಅವಳು ನೋಡುವುದೇ ಇಲ್ಲ,
ಅದು ತಾನೇ ಉಬ್ಬುತ್ತದೆ.

ಟನ್ನು ಕಲ್ಲಿಗೆ ಮೂರು ಗ್ರಾಂ ಸಿಕ್ಕರೆ
ನಮ್ಮ ಲ್ಯಾಬಿನಲ್ಲಿ ಚಹಾ ತರಿಸುತ್ತಿದ್ದೆವು.
ನೂರು ಚೆಂಡಿಗೆ ಮೂರು ಠಪ್ ಎಂದಾದ ದಿನ
ಹುಸೇನಪ್ಪನಿಗೂ ನನಗೂ ಎರಡು ಚಹಾ.

ನಿನ್ನೆ ಸಂಜೆ
ಕೆಳಗೆಲ್ಲೋ ಮದ್ದು ಸಿಡಿದು
ಅಂಗಾಲಿಗಷ್ಟೇ ತಿಳಿಯುವಷ್ಟು ನೆಲ ನಡುಗಿತು.
ಅವನು ಎಸೆದ. ಹೆಜ್ಜೆ ಇಟ್ಟೆ, ಹೇಗೋ ಮೊದಲೇ ಇಟ್ಟೆ.
ಮುಂದೆ, ಗೇಣಿನಷ್ಟು ಮುಂದೆ,
ಚೆಂಡಿನ ಮೈಮೇಲಿನ ಬಳುಕುಗೆರೆ ಕಂಡಿತು,
ಅಳಿಸಿದ ಕಂಪನಿ ಹೆಸರಿನ ಉಳಿದ ಒಂದಕ್ಷರ ಕಂಡಿತು,
ಆಮೇಲೆ ಕೈಗೆ ಏನೂ ತಾಗಲಿಲ್ಲ.
ಠಪ್.
ಯಾವ ತಕ್ಕಡಿಗೂ ಸಿಗದಷ್ಟು ಹಗುರ.
ಕಣ್ಣು ಇನ್ನೂ ಅಲ್ಲೇ ಇತ್ತು,
ಚೆಂಡಿಲ್ಲದ ಜಾಗದಲ್ಲಿ.

ಒಳಗಾ, ಹೊರಗಾ? ಎಂದೆ.
"ಗೊತ್ತಿಲ್ರಿ. ನಾ ನಿಮ್ಮ ಕಣ್ಣು ನೋಡ್ತಿದ್ದೆ."

ಕತ್ತಲಾಗುವವರೆಗೂ ಇಬ್ಬರೂ ಬೇಲಿಯ ಬುಡ ತಡಕಿದೆವು.
ಐದೇ ಸಿಕ್ಕವು.
ಕಳೆದದ್ದು ಬೋಳುತಲೆಯದ್ದಲ್ಲ, ಹೊಸದು.
ಅದಕ್ಕೆ ಹುಸೇನಪ್ಪ ನನ್ನ ಮೇಲೆ ಸ್ವಲ್ಪ ಸಿಟ್ಟಾದ.